ಹಾರ ಪ್ರತಿಮೆಗೆ, ತಾತ್ಸಾರ ದಾದಿಗೆ

ಗಣೇಶಖಿಂಡಿನ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದ ಆವರಣದಲ್ಲಿ 2022ರ ಫೆಬ್ರುವರಿಯಲ್ಲಿ ಸಾವಿತ್ರಿಬಾಯಿ ಫುಲೆಯವರ ಪ್ರತಿಮೆ ಅನಾವರಣಗೊಂಡಿತು. ನಾವು ಕೆಲವು ಕನ್ನಡ ಕುಟುಂಬದವರು ಈಚೆಗೆ ಅದನ್ನು ನೋಡಿಬಂದೆವು. ಇವರು ಯಾರೆಂದು ಕೇಳಿದರೆ ಮಕ್ಕಳು ಥಟ್ಟನೆ, 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಶಿಕ್ಷಕಿ ಎಂದರು. ನಿಜ, ಆದರೆ ಅರ್ಧ ನಿಜ. ಆ ತಾಯಿ ಪ್ರಾಣ ಬಿಟ್ಟದ್ದು ದಾದಿಯ ಕೆಲಸ ಮಾಡುತ್ತ. ಈ ಉಳಿದರ್ಧವನ್ನು ಮರೆತಿರುವುದು ಸಮಾಜಕ್ಕೆ ಅನುಕೂಲವಾಗಿದೆ ಎಂಬುದೇ ನಮ್ಮ ಆಕ್ಷೇಪ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಗೂ ಹಬ್ಬಿತು. ರೋಗಾಣುವನ್ನು ಯರ್ಸಿನ್ 1894ರಲ್ಲೇ ಗುರುತಿಸಿದ್ದ. ಆದರೆ ಅದು ಇಲಿಯ ಚಿಗಟದಿಂದ ಹರಡುತ್ತದೆಂದು ಸೈಮಂಡ್ ತೋರಿಸಿದ್ದು 1898ರಲ್ಲಿ. ಗುಣಪಡಿಸಬಲ್ಲ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅಂಥ ಕಾಲದಲ್ಲಿ, ಪತಿಯನ್ನು ಕಳೆದುಕೊಂಡಿದ್ದ 66 ವರ್ಷದ ಸಾವಿತ್ರಿಬಾಯಿ, ದತ್ತುಮಗ ಡಾಕ್ಟರ್ ಯಶವಂತರು ಹಡಪಸರದ ಬಳಿ ತೆರೆದ ಚಿಕಿತ್ಸಾಲಯಕ್ಕೆ ತಾವೇ ರೋಗಿಗಳನ್ನು ಕರೆತಂದು ಉಪಚರಿಸಿದರು. ಮುಂಢವೆಯ ಒಬ್ಬ ದಲಿತ ಬಾಲಕನನ್ನು ಬೆನ್ನ ಮೇಲೆ ಹೊತ್ತು ತಂದರು. ಬಾಲಕ ಉಳಿದ. ರೋಗ ಅವರನ್ನು ಹಿಡಿಯಿತು; 1897ರ ಮಾರ್ಚ್ 10ರಂದು ತೀರಿಕೊಂಡರು.

ಅದೇ ವರ್ಷ ಜೂನ್ 22ರಂದು, ಆಗ ಗವರ್ನರರ ನಿವಾಸವಾಗಿದ್ದ ಇದೇ ಕಟ್ಟಡದಲ್ಲಿ ರಾಣಿಯ ವಜ್ರ ಮಹೋತ್ಸವ ಮುಗಿಸಿ ಹೊರಟ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಅವರ ಸಾಹಸವನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಒಂದೇ ಪ್ಲೇಗಿನ ಎರಡು ಕಥೆಗಳಲ್ಲಿ ಪಿಸ್ತೂಲು ಎಲ್ಲರಿಗೂ ನೆನಪಿದೆ, ಮಗುವನ್ನು ಹೊತ್ತ ಬೆನ್ನು ನೆನಪಿಲ್ಲ.

ಹಳೆಯ ಮಾತೇಕೆ ಎನ್ನುವವರಿಗೆ 2020 ಮರೆತಿರಲಾರದು. ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಆ ಮಾರ್ಚಿನಲ್ಲಿ ದಾಖಲಾದದ್ದು ನಮ್ಮ ಪುಣೆಯ ನಾಯ್ಡು ಆಸ್ಪತ್ರೆಯಲ್ಲಿ. ಮಾರ್ಚ್ 22ರ ಸಂಜೆ ತಟ್ಟೆ ಬಾರಿಸಿ ದಾದಿಯರನ್ನು ಕೊಂಡಾಡಿದ ದೇಶದಲ್ಲೇ, ಬಾಡಿಗೆ ಮನೆ ಖಾಲಿ ಮಾಡಿರೆಂದು ಅವರನ್ನು ಪೀಡಿಸಿದ್ದೂ ನಡೆಯಿತು. ಆರೋಗ್ಯ ಸಿಬ್ಬಂದಿಯನ್ನು ಕಾಪಾಡಲು ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ತಟ್ಟೆಯ ಸದ್ದು ಒಂದು ತಿಂಗಳೂ ಬಾಳಲಿಲ್ಲ!

ಇನ್ನು ಸಂಬಳ. ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ವೇತನಪಟ್ಟಿ ಚೆನ್ನಾಗಿ ಗೊತ್ತು. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಕೆಳದರ್ಜೆ ಗುಮಾಸ್ತನ ಆರಂಭದ ಮೂಲವೇತನ 19,900 ರೂಪಾಯಿ, ಸ್ಟಾಫ್ ನರ್ಸಿನದು 44,900. ಅವರ ಕೆಲಸ ನಮ್ಮದಕ್ಕಿಂತ ಹೊಣೆಯದೆಂದು ಸರ್ಕಾರವೇ ಅಳೆದು ಹೇಳಿದ ಮೇಲೆ ನಮಗೆ ಹೊಟ್ಟೆಯುರಿಯಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ 2016ರಲ್ಲಿ, 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ದಾದಿಯರಷ್ಟೇ ಸಂಬಳ ಕೊಡಬೇಕು, ತೀರ ಚಿಕ್ಕವೂ 20,000ಕ್ಕೆ ಕಡಿಮೆ ಕೊಡಕೂಡದು ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದ್ದರೆ ಸಾಲದು. ನಿಮಗೆ ಪರಿಚಯವಿರುವ ಯಾವುದೇ ಸಣ್ಣ ನರ್ಸಿಂಗ್ ಹೋಮಿನ ಸಿಸ್ಟರನ್ನು ಮೆಲ್ಲಗೆ ಕೇಳಿ ನೋಡಿ.

ಊರವರನ್ನು ಬೈದು ನಾವು ಕನ್ನಡಿಗರು ನುಣುಚಿಕೊಳ್ಳುವಂತಿಲ್ಲ. "ಅವರು ಮರಾಠಿಗರ ಹಿರಿಯರು, ನಮಗೇನು?" ಎನ್ನುವವರು ನಮ್ಮಲ್ಲಿದ್ದಾರೆ. ಈ ಊರಿನ ನೀರು ಕುಡಿದು, ಈ ಊರಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಹೆತ್ತವರು ಆಡುವ ಮಾತೇ ಇದು? ಹೆಣ್ಣು ನೋಡುವಾಗ "ನರ್ಸಂತೆ" ಎಂದು ಮೂಗು ಮುರಿಯುವವರೂ ನಾವೇ. ಅದೇ ಹುಡುಗಿ ಲಂಡನ್ನಿಗೆ ಹೋಗಿ ಹಣ ಕಳಿಸಿದರೆ, "ಹೆಲ್ತ್ ಕೇರ್‌ನಲ್ಲಿದ್ದಾಳೆ" ಎಂದು ಬೀಗುವವರೂ ನಾವೇ. ರಾತ್ರಿ ಪಾಳಿ ಮರ್ಯಾದೆಗೆ ಕುಂದು ಎನ್ನುವ ತಂದೆತಾಯಿಗಳು, ತಾವು ಮಲಗಿದಾಗ ರಾತ್ರಿಯಿಡೀ ಸಲೈನ್ ನೋಡಿಕೊಳ್ಳಲು ಯಾರ ಮಗಳು ಬರಬೇಕೆಂದು ಬಯಸುತ್ತಾರೆ?

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಸೂಚನೆ ಎರಡು. ಜನವರಿ 3ರ ಜಯಂತಿಯ ಜೊತೆಗೆ ಮಾರ್ಚ್ 10ನ್ನೂ ಆಚರಿಸಿ, ನಗರದ ಕನ್ನಡ ದಾದಿಯರನ್ನು ವೇದಿಕೆಗೆ ಕರೆದು, ಸನ್ಮಾನದ ಶಾಲಿಗಿಂತ ಮೊದಲು ಅವರ ಕಷ್ಟ ಕೇಳಬೇಕು. ಪ್ರತಿವರ್ಷದ ವಿದ್ಯಾರ್ಥಿವೇತನಗಳಲ್ಲಿ ಒಂದನ್ನು ನರ್ಸಿಂಗ್ ಓದುವವರಿಗೆ ಮೀಸಲಿಡಬೇಕು. ಅದಕ್ಕೆ ನಮ್ಮ ಪಾಲಿನ ಹಣ ಕೊಡಲು ನಾವು ಸಿದ್ಧ. ಉಳಿದ ಸದಸ್ಯರೂ ಮುಂದೆ ಬರಲಿ.