ತೋಟದಿಂದ ವಿಮಾನಕ್ಕೆ ಎಷ್ಟು ದೂರ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ದೂರವೆಷ್ಟು, ಹಿಡಿಯುವ ಕಾಲವೆಷ್ಟು ಎಂದು ಹೂವಿನ ಬೇಸಾಯಗಾರರು ಕೇಳುವುದು ಸಹಜವಾಗಿದೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ನೇರವಾಗಿ ಅಳೆದರೆ ಸುಮಾರು 370 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ಹಾರುವ ಪ್ರೊಪೆಲ್ಲರಿನ ವಿಮಾನಕ್ಕೆ ಮುಕ್ಕಾಲು ಗಂಟೆ ಸಾಕೆಂದು ಲೆಕ್ಕವು ಹೇಳುವುದು. ವೇಳಾಪಟ್ಟಿಯಲ್ಲಾದರೋ ಒಂದು ಗಂಟೆಗೂ ಮೇಲೆ ಕಾಣುತ್ತದೆ. ನಿಂತ ಸ್ಥಳವನ್ನು ಬಿಟ್ಟು ರನ್‌ವೇ ಸೇರುವುದಕ್ಕೂ, ಮೇಲೇರುವುದಕ್ಕೂ, ಸರದಿ ಕಾದು ಇಳಿಯುವುದಕ್ಕೂ ಬೇಕಾದ ಹೊತ್ತನ್ನು ಅದರಲ್ಲಿ ಕೂಡಿಸಿರುತ್ತಾರೆ.

ಆದರೆ ಈ ಎರಡು ಅಂಕಿಗಳಲ್ಲಿ ಯಾವುದೂ ರೈತನ ಲೆಕ್ಕವಲ್ಲವೆಂಬುದು ನಮ್ಮ ಅಭಿಪ್ರಾಯ.

ಆನೇಕಲ್ ಕಡೆಯ ಗುಲಾಬಿ ಬೆಳೆಗಾರನೊಬ್ಬನನ್ನು ತೆಗೆದುಕೊಳ್ಳೋಣ. ಇಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ ಸುಮಾರು 55 ಕಿಲೋಮೀಟರಿದ್ದು, ಊರನ್ನು ದಾಟಿಯೇ ಹೋಗತಕ್ಕದ್ದು. ಹಗಲಿನಲ್ಲಿ ಎರಡು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ವೈಟ್‌ಫೀಲ್ಡಿನವರಿಗೆ 2008ನೆಯ ಇಸವಿ ಮೇ ತಿಂಗಳವರೆಗೆ ಹೆಚ್.ಎ.ಎಲ್. ನಿಲ್ದಾಣವು ಸಮೀಪದಲ್ಲಿತ್ತು, ಈಗ ಅವರೂ ಸುಮಾರು 40 ಕಿಲೋಮೀಟರು ನಡೆಸಬೇಕು. ಅಲ್ಲಿ ಪೆಟ್ಟಿಗೆಗಳ ತೂಕ, ತಪಾಸಣೆ, ಕಾಯುವಿಕೆ. ಹುಬ್ಬಳ್ಳಿಯಲ್ಲಿ ಇಳಿಸುವಿಕೆ, ಪುನಃ ರಸ್ತೆ. ಇವೆಲ್ಲವನ್ನೂ ಕೂಡಿದರೆ ಹಾರುವ ಕಾಲವೇ ಅತ್ಯಲ್ಪ ಭಾಗವಾಗುವುದು. ಗುಲಾಬಿಯನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕೆಂದು ತಿಳಿದವರು ಹೇಳುವರು. ಅದು ಬಾಡುವುದು ಆಕಾಶದಲ್ಲಿ ಅಲ್ಲ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ.

ಅದೇ ಗುಲಾಬಿಯನ್ನು ಸಂಜೆ ತಂಪು ಲಾರಿಗೆ ಏರಿಸಿ, ನೈಸ್ ರಸ್ತೆಯಿಂದ ತುಮಕೂರು ರಸ್ತೆಗೆ ಬಂದು, ಪೀಣ್ಯವನ್ನು ಬಳಸಿಕೊಂಡು ಹೊರಟರೆ, ಸುಮಾರು 400 ಕಿಲೋಮೀಟರು ದಾರಿಯನ್ನು ಒಂದು ರಾತ್ರಿಯಲ್ಲಿ ಕಳೆದು ಬೆಳಗಿನ ಪೇಟೆಗೆ ಮುಟ್ಟಿಸಬಹುದು. ಬಾಡಿಗೆಯ ಮಾತೂ ಇದೆ. ಹೂವಿನ ಪೆಟ್ಟಿಗೆ ಹಗುರವಾದರೂ ಗಾತ್ರ ದೊಡ್ಡದು. ವಿಮಾನದವರು ಗಾತ್ರವನ್ನೂ ತೂಕವಾಗಿ ಎಣಿಸುತ್ತಾರೆ. ದೆಹಲಿಯ ಮಾತು ಬೇರೆ. ಸುಮಾರು 1,700 ಕಿಲೋಮೀಟರಿನ ಆ ದೂರಕ್ಕೆ, ಮೂರು ಗಂಟೆಯೊಳಗೆ ಮುಟ್ಟಿಸುವ ವಿಮಾನಕ್ಕೆ ಲಾರಿಯು ಸಮವಲ್ಲ. ಹೊರದೇಶಗಳಿಗಂತೂ ವಿಮಾನವನ್ನು ಬಿಟ್ಟರೆ ಗತಿಯಿಲ್ಲ.

ಹಾಗಾದರೆ ಸಮೀಪದಲ್ಲಿ ಮತ್ತೊಂದು ನಿಲ್ದಾಣವಾಗಲಿ ಎನ್ನುವವರುಂಟು. ಮೈಸೂರು, ಹಾಸನಗಳ ಹೊರತು, ದೇವನಹಳ್ಳಿಯ ಸುತ್ತ 150 ಕಿಲೋಮೀಟರಿನೊಳಗೆ 2033ರವರೆಗೆ ಬೇರೆ ನಿಲ್ದಾಣ ಕೂಡದೆಂಬ ಕರಾರಿದೆ. 2025ರಲ್ಲಿ ಕನಕಪುರ ರಸ್ತೆ, ನೆಲಮಂಗಲ–ಕುಣಿಗಲ್ ರಸ್ತೆಗಳ ಸ್ಥಳಗಳನ್ನು ಪರಿಶೀಲಿಸಲಾಯಿತು. ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣವನ್ನು ತಮಿಳುನಾಡಿನ ಸರ್ಕಾರದವರು 2024ರಲ್ಲಿ ಘೋಷಿಸಿದರು. ಹೊಸೂರೆಂದರೆ ಗುಲಾಬಿಯ ಸೀಮೆಯೇ. ನಿಲ್ದಾಣವು ಹತ್ತಿರಕ್ಕೆ ಬರುವ ಸಂಭ್ರಮದಲ್ಲಿ ತೋಟವೇ ಹೋದರೆ ಕಳುಹಿಸುವುದಾದರೂ ಏನನ್ನು?

ಶೀತಲಗೃಹಕ್ಕಾದರೋ ಕರಾರು ಮುಗಿಯುವವರೆಗೆ ಕಾಯಬೇಕಾದುದಿಲ್ಲ, ಸಾವಿರಾರು ಎಕರೆಯೂ ಬೇಡ. ಆನೇಕಲ್ಲಿನಲ್ಲೊಂದು, ವೈಟ್‌ಫೀಲ್ಡಿನ ಆಚೆ ಹೊಸಕೋಟೆಯಲ್ಲೊಂದು ಸಾಮಾನ್ಯ ತಂಪು ಕೋಣೆಯಿದ್ದು, ಅಲ್ಲಿಂದ ರಾತ್ರಿಯ ವೇಳೆ ಮುಚ್ಚಿದ ತಂಪು ಲಾರಿಗಳು ದೇವನಹಳ್ಳಿಗೆ ಹೊರಡುವಂತಾದರೆ, ಹಗಲಿನ ಬಿಸಿಲೂ ಸಂದಣಿಯೂ ಒಂದೇ ಸಲಕ್ಕೆ ತಪ್ಪುವುವು. ಸಹಕಾರ ಸಂಘಗಳವರು ಇದಕ್ಕೆ ಕೈಹಾಕಬೇಕು. ಸರ್ಕಾರದವರು ಕಟ್ಟಡಕ್ಕೂ ವಿದ್ಯುಚ್ಛಕ್ತಿಗೂ ನೆರವಾಗಬೇಕು. ಬೆಳೆಗಾರರು ಕೊಯ್ದ ಹೊತ್ತು, ಗೇಟು ಮುಟ್ಟಿದ ಹೊತ್ತು, ವಿಮಾನ ಹೊರಟ ಹೊತ್ತುಗಳನ್ನು ಒಂದು ತಿಂಗಳು ಬರೆದಿಟ್ಟು ಸಂಘದ ಸಭೆಗೆ ತರಲಿ. ತಂಪು ಕೋಣೆಯು ಯಾವ ಹಳ್ಳಿಯಲ್ಲಿರಬೇಕೆಂಬುದನ್ನು ಆ ಚೀಟಿಗಳನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬಹುದು.