ನಂಬುವದೆಂದರೇನು?



ಸ್ಮರಣಸಂಚಿಕೆಯಲ್ಲಿ ಶಾಲೆಯ ಹಿಂದಿನ ದಿನಗಳನ್ನು ನೆನೆಯುವದು ವಾಡಿಕೆ. ಆ ಕೆಲಸವನ್ನು ಇತರರು ನಮಗಿಂತ ಚೆನ್ನಾಗಿ ಮಾಡಬಲ್ಲರು. ಆದುದರಿಂದ ನಾವು ಒಂದು ಮಾತನ್ನು ಮಾತ್ರ ವಿಚಾರಕ್ಕೆ ತೆಗೆದುಕೊಳ್ಳಬೇಕೆಂದಿದ್ದೇವೆ. ಬೆಳಗಿನ ಪ್ರಾರ್ಥನೆಯಲ್ಲಿ ನಾವೆಲ್ಲರೂ ಕೇಳಿ ಕೇಳಿ ಅದರ ಅರ್ಥವನ್ನು ವಿಚಾರಿಸುವದನ್ನೇ ಬಿಟ್ಟಿರುವ ಮಾತು ಅದು. ನಂಬಿಕೆ ಎಂಬುದೇ ಆ ಮಾತು.

ನಂಬಿಕೆಯೆಂದರೆ ಏನೆಂದು ಕೇಳಿದರೆ, ದೇವರಿದ್ದಾನೆಂದು ಒಪ್ಪಿಕೊಳ್ಳುವದೇ ನಂಬಿಕೆಯೆಂದು ಬಹು ಜನರು ಉತ್ತರ ಕೊಡುವರು. ಆದರೆ ಕನ್ನಡದ ನಂಬು ಎಂಬ ಕ್ರಿಯಾಪದವು ಇಷ್ಟು ಅಗ್ಗವಾದದ್ದಲ್ಲ. ನಮ್ಮ ಸುತ್ತಮುತ್ತಲಿನ ಜನರ ಬಾಯಲ್ಲಿ ಅದು ಹೇಗೆ ಬರುತ್ತದೆಂಬದನ್ನು ನೋಡೋಣ. ಆಳಂದದ ರೈತನು ಮಳೆಯನ್ನು ನಂಬಿ ತೊಗರಿಯನ್ನು ಬಿತ್ತುತ್ತಾನೆ. ಅಫಜಲಪುರದವನು ಭೀಮೆಯನ್ನು ನಂಬಿ ಕಬ್ಬು ಹಚ್ಚುತ್ತಾನೆ. ಜೇವರ್ಗಿಯ ಅಂಗಡಿಕಾರನು ಗಿರಾಕಿಯ ಮಾತನ್ನು ನಂಬಿ ಉದ್ರಿ ಕೊಡುತ್ತಾನೆ. ಇವರಲ್ಲಿ ಯಾರೂ ಮಳೆ ಉಂಟು, ಹೊಳೆ ಉಂಟು, ಗಿರಾಕಿ ಇದ್ದಾನೆ ಎಂಬ ಬರಿಯ ಅಭಿಪ್ರಾಯವನ್ನು ಹೇಳುತ್ತಿಲ್ಲ. ಒಬ್ಬನು ಬೀಜವನ್ನೂ, ಮತ್ತೊಬ್ಬನು ವರುಷದ ದುಡಿಮೆಯನ್ನೂ, ಮೂರನೆಯವನು ತನ್ನ ಬಂಡವಾಳವನ್ನೂ ಒಡ್ಡಿದ್ದಾನೆ. ನಂಬಿದ್ದು ಕೈಕೊಟ್ಟರೆ ನಷ್ಟವು ಅವರದೇ. ೨೦೨೦ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಬಂದು ಅಫಜಲಪುರ ಜೇವರ್ಗಿಗಳ ದಂಡೆಯ ಊರುಗಳ ಪೈರನ್ನು ಮುಳುಗಿಸಿದಾಗ ಆ ನಷ್ಟವೆಷ್ಟೆಂಬದು ನಮ್ಮಲ್ಲಿ ಅನೇಕರ ಮನೆಗಳಿಗೆ ತಿಳಿದಿದೆ. ಆದರೂ ಮರುವರುಷ ಅದೇ ದಂಡೆಯಲ್ಲಿ ಕೂರಿಗೆ ನಡೆಯಿತು. ನಂಬುವದೆಂದರೆ ಏನನ್ನಾದರೂ ಒಡ್ಡುವದು. ಒಡ್ಡುವದಕ್ಕೆ ಏನೂ ಇಲ್ಲದ ಕಡೆಯಲ್ಲಿ ಇರುವದು ಅಭಿಪ್ರಾಯ ಮಾತ್ರ.

ಈ ಮಾತಿಗೆ ನೆಂಟರಾದ ಬೇರೆ ಮಾತುಗಳೂ ನಮ್ಮಲ್ಲಿವೆ. ವಿಶ್ವಾಸವು ಸಂಸ್ಕೃತದಿಂದ ಬಂದದ್ದು. ಅದರೊಳಗೆ ಶ್ವಾಸವಿದೆ. ಯಾರ ಬಳಿಯಲ್ಲಿ ಭಯವಿಲ್ಲದೆ ಸರಾಗವಾಗಿ ಉಸಿರಾಡಬಹುದೋ ಅವರಲ್ಲಿ ನಮಗೆ ವಿಶ್ವಾಸ. ಕನ್ನಡಿಗರು ಇದಕ್ಕೆ ಇನ್ನೊಂದು ಅರ್ಥವನ್ನು ಕೂಡಿಸಿ, ಪ್ರೀತಿಯನ್ನೂ ವಿಶ್ವಾಸವೆಂದೇ ಕರೆದರು. ನೆರೆಯವರ ಪ್ರೀತಿ ವಿಶ್ವಾಸ ಎನ್ನುವಾಗ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಶ್ರದ್ಧೆಯೆಂಬದು ಹೃದಯವನ್ನು ಒಂದು ಕಡೆಯಲ್ಲಿ ಇಡುವದೆಂದೂ, ಕ್ರೈಸ್ತರ ವಿಶ್ವಾಸಪ್ರಮಾಣಕ್ಕೆ ಲತೀನಿನಲ್ಲಿ ಹೆಸರಾದ ಕ್ರೇದೋ ಎಂಬ ಶಬ್ದವು ಅದರ ಒಡಹುಟ್ಟೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಶ್ರದ್ಧೆಯಿಂದ ಓದು ಎಂದು ಗುರುಗಳು ನಮಗೆ ಹೇಳುತ್ತಿದ್ದಾಗ ಅವರ ಭಾವವು ಮನಸ್ಸಿಟ್ಟು ದುಡಿಯಬೇಕೆಂಬದೇ ಆಗಿತ್ತು. ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಇಮಾನು ಎಂಬ ಅರಬ್ಬಿಯ ಮಾತೂ ಮನೆಮಾತಾಗಿದೆ. ಅದು ಅಭಯ, ಸುರಕ್ಷಿತತೆ ಎಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದ್ದು. ಆದರೆ ನಮ್ಮ ಹಳ್ಳಿಯವರು ಒಬ್ಬನನ್ನು ಇಮಾನದಾರನೆಂದರೆ ಅವನ ಧರ್ಮವನ್ನು ಕೇಳಿ ಹೇಳುವದಿಲ್ಲ. ಅವನ ತಕ್ಕಡಿಯನ್ನು ನೋಡಿ ಹೇಳುತ್ತಾರೆ. ಇನ್ನು ಮತವೆಂಬ ಮಾತು ಧರ್ಮಕ್ಕೂ ಅಭಿಪ್ರಾಯಕ್ಕೂ ಚುನಾವಣೆಯ ಪೆಟ್ಟಿಗೆಗೂ ಒಂದೇ. ಮತವನ್ನು ಹೇಳುವದು ಸುಲಭ. ನಂಬುವದು ಕಷ್ಟ.

೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರೂ ಅವರ ತರುವಾಯದ ಭಾಷಾಂತರಕಾರರೂ ಸತ್ಯವೇದವನ್ನು ಕನ್ನಡಿಸಿದರು. ಪ್ರಾಟೆಸ್ಟಂಟರ ಕನ್ನಡ ಬೈಬಲಿನಲ್ಲಿ ನೆಲೆನಿಂತದ್ದು ನಂಬಿಕೆಯೆಂಬ ಅಚ್ಚಗನ್ನಡದ ಮಾತು. ಕಥೋಲಿಕರಲ್ಲಿ ವಿಶ್ವಾಸವೆಂಬ ಮಾತು ಹೆಚ್ಚಾಗಿ ಬಳಕೆಗೆ ಬಂತು. ಎರಡಕ್ಕೂ ಬೆಲೆಯುಂಟು. ಆದರೆ ಬಿತ್ತುವವನ ಬಾಯಲ್ಲಿದ್ದ ಮಾತೇ ಪವಿತ್ರ ಗ್ರಂಥಕ್ಕೂ ಹೊಂದಿಕೊಂಡದ್ದು ನಮಗೆ ಅರ್ಥವತ್ತಾಗಿ ತೋರುತ್ತದೆ. ಯಾಕೋಬನ ಪತ್ರಿಕೆಯು ನಂಬಿಕೆಯನ್ನು ಕ್ರಿಯೆಯಿಂದ ಅಳೆಯಬೇಕೆಂದು ಹೇಳುವದನ್ನು ರೈತನ ಹೆಂಡತಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರಲಾಗಿ, ನಂಬಿಕೆಯಲ್ಲಿ ಏನನ್ನೋ ಒಡ್ಡುವದುಂಟೆಂದು ಒಪ್ಪಿದ ಮೇಲೆ ಮತ್ತೊಂದು ಪ್ರಶ್ನೆಯು ಏಳುತ್ತದೆ. ಒಡ್ಡಿದ್ದು ಯಾರದು?

ಈ ಪ್ರಶ್ನೆಗೆ ನಮ್ಮ ನೆಲದಲ್ಲಿಯೇ ಎರಡು ದೊಡ್ಡ ನಿದರ್ಶನಗಳಿವೆ. ಮೊದಲನೆಯವನು ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯನು. ಸುಮಾರು ೧೨೦೦ರಲ್ಲಿ ಕಂಡರಿಸಿದ ಅಬ್ಲೂರಿನ ಶಾಸನವು, ಇಂದಿನ ಹಾವೇರಿ ಜಿಲ್ಲೆಯ ಆ ಊರಿನಲ್ಲಿ ಜೈನರೊಡನೆ ವಾದವು ಬಿದ್ದಾಗ ಅವನು ತನ್ನ ಶಿವನ ಮೇಲಣ ನಂಬಿಕೆಗಾಗಿ ತನ್ನ ತಲೆಯನ್ನೇ ಅರಿದು ಮರಳಿ ಪಡೆದನೆಂದು ಹೇಳುತ್ತದೆ. ಆ ಪವಾಡದ ಸತ್ಯಾಸತ್ಯವನ್ನು ನಾವು ಇಲ್ಲಿ ವಿಚಾರಿಸುವದಿಲ್ಲ. ಆ ಪಂಥದ ಫಲವಾಗಿ ಜಿನಾಲಯಕ್ಕೆ ಒದಗಿದ ಕೇಡನ್ನು ನಾವು ಕೊಂಡಾಡುವದೂ ಇಲ್ಲ. ನಮಗೆ ಬೇಕಾದದ್ದು ಒಂದೇ ಸಂಗತಿ. ಅವನು ಪಣಕ್ಕಿಟ್ಟ ತಲೆಯು ಅವನದೇ ಆಗಿತ್ತು. ತನ್ನ ಶಿಷ್ಯನ ತಲೆಯನ್ನಾಗಲಿ ಮಗುವಿನ ತಲೆಯನ್ನಾಗಲಿ ಅವನು ಮುಂದೆ ಮಾಡಲಿಲ್ಲ.

ಎರಡನೆಯವರು ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ೧೭೪೬ರಲ್ಲಿ ಹುಟ್ಟಿ ೧೮೨೨ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು. ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇಟ್ಟರೆಂದು ಜನರು ಇಂದಿಗೂ ಕಥೆ ಹೇಳುತ್ತಾರೆ. ದೇವರು ಎಲ್ಲರಿಗೂ ಉಣ್ಣಿಸುವನೆಂಬ ನಂಬಿಕೆಗೆ ಅವರು ಒಡ್ಡಿದ್ದು ತಮ್ಮ ಕಣವನ್ನು, ನೆರೆಯವನ ಕಣವನ್ನಲ್ಲ. ಅವರ ಪೀಠದ ದೊಡ್ಡಪ್ಪ ಅಪ್ಪನವರು ನಿಜಾಮರ ಕಾಲದಲ್ಲಿಯೇ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದದ್ದನ್ನು ಮಿಶನ್ ಶಾಲೆಯವರಾದ ನಾವು ಗೌರವದಿಂದ ನೆನೆಯುತ್ತೇವೆ.

ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಪರರ ಮನೆಯಿಂದ ತರದೆ ನಮ್ಮ ಸತ್ಯವೇದದಿಂದಲೇ ತರುತ್ತೇವೆ. ನ್ಯಾಯಸ್ಥಾಪಕರು ಎಂಬ ಪುಸ್ತಕದಲ್ಲಿ ಯೆಪ್ತಾಹನು ಯುದ್ಧಕ್ಕೆ ಹೋಗುವಾಗ ಒಂದು ಹರಕೆ ಹೊತ್ತನು. ಜಯವು ದೊರೆತರೆ ತನ್ನ ಮನೆಯ ಬಾಗಲಿನಿಂದ ಮೊದಲು ಎದುರುಗೊಳ್ಳಲು ಬಂದದ್ದನ್ನು ಅರ್ಪಿಸುವೆನೆಂಬದು ಆ ಹರಕೆ. ದಮ್ಮಡಿ ಬಾರಿಸುತ್ತ ಎದುರಿಗೆ ಬಂದವಳು ಅವನ ಒಬ್ಬಳೇ ಮಗಳು. ಹರಕೆ ತಂದೆಯದು, ತೀರಿಸಿದವಳು ಮಗಳು. ಅವಳ ಹೆಸರು ಕೂಡ ಆ ಕಥೆಯಲ್ಲಿ ಇಲ್ಲ. ಚಿಕ್ಕಂದಿನಲ್ಲಿ ಈ ಪಾಠವನ್ನು ಓದುವಾಗ ತಂದೆಯ ದುಃಖವನ್ನು ನೋಡಿ ಮರುಗಿದೆವು. ಈಗ ನಮ್ಮ ಹೆಣ್ಣುಮಕ್ಕಳು ಎದುರಿಗೆ ಕುಳಿತಿರುವಾಗ ಅದನ್ನು ಓದಿದರೆ ನಮಗೆ ತೋರುವದು ಬೇರೆ. ಅವನು ನಂಬಿದನೆಂದು ಹೇಳುವದಕ್ಕಿಂತ, ತನ್ನದಲ್ಲದ ಪ್ರಾಣವನ್ನು ಒತ್ತೆಯಿಟ್ಟನೆಂದು ಹೇಳುವದೇ ಸರಿ.

ಇದು ಹಳೆಯ ಕಾಲದ ಮಾತಲ್ಲ. ೨೦೧೯ರ ಡಿಸೆಂಬರ ೨೬ರಂದು ಕಂಕಣ ಸೂರ್ಯಗ್ರಹಣವಾಯಿತು. ಅಂದು ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯ ವರೆಗೆ ಮಣ್ಣಿನಲ್ಲಿ ಹೂಳಿದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಅಂಗಗಳು ಸರಿಯಾಗುವವೆಂಬದು ಅವರ ಎಣಿಕೆ. ಆ ತಾಯಿತಂದೆಗಳನ್ನು ಹಳಿಯುವದು ಬಹಳ ಸುಲಭ. ನಡೆಯಲಾರದ ಮಗುವನ್ನು ವರುಷಗಟ್ಟಲೆ ಎತ್ತಿಕೊಂಡು ತಿರುಗಿದ ತಾಯಿಯ ಸಂಕಟವನ್ನು ಕಂಡವರು ಹಾಗೆ ಹಳಿಯಲಾರರು. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಮಣ್ಣಿನಲ್ಲಿ ಅಳುತ್ತ ನಿಂತ ತಲೆಯು ನಂಬಿದವರದಾಗಿರಲಿಲ್ಲ.

ನಮ್ಮ ರಾಜ್ಯವು ೨೦೧೭ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಮಾಡಿತು. ಅದು ೨೦೨೦ರ ಜನವರಿಯಲ್ಲಿ ಜಾರಿಗೆ ಬಂತು. ಆ ಕಾಯಿದೆಯು ಪ್ರದಕ್ಷಿಣೆಯನ್ನಾಗಲಿ ಯಾತ್ರೆಯನ್ನಾಗಲಿ ನಿಷೇಧಿಸುವದಿಲ್ಲ. ಮನುಷ್ಯನ ದೇಹಕ್ಕೂ ಮಾನಕ್ಕೂ ಆಗುವ ಹಾನಿಯನ್ನೇ ನಿಷೇಧಿಸುತ್ತದೆ. ಅಫಜಲಪುರ ತಾಲೂಕಿನಲ್ಲಿ ಭೀಮಾ ಅಮರ್ಜಾ ನದಿಗಳ ಸಂಗಮದಲ್ಲಿರುವ ಗಾಣಗಾಪುರಕ್ಕೆ ಮನಸ್ಸು ಕಲಕಿದ ತಮ್ಮವರನ್ನು ಕರೆದುಕೊಂಡು ಬರುವವರು ಬಹಳ ಮಂದಿ. ದತ್ತಾತ್ರೇಯನ ಸನ್ನಿಧಿಗೆ ಬರಬೇಡಿರೆಂದು ಹೇಳಲು ನಾವು ಯಾರು? ಆದರೆ ಸನ್ನಿಧಿಗೆ ಬಂದವರು ವೈದ್ಯನ ಬಳಿಗೂ ಹೋಗಲೆಂದು ಹೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ರೋಗಿಯ ಪ್ರಾಣವು ನಮ್ಮ ಹರಕೆಯ ಒತ್ತೆಯಲ್ಲ.

ಇಲ್ಲಿ ಒಂದು ಆಕ್ಷೇಪವುಂಟು, ಅದು ನ್ಯಾಯವಾದದ್ದೇ. ಮಕ್ಕಳ ಪರವಾಗಿ ನಂಬದೆ ಮಕ್ಕಳನ್ನು ಬೆಳೆಸುವದು ಹೇಗೆ? ಔಷಧ ಕೊಡುವದೂ, ಶಾಲೆಗೆ ಹಾಕುವದೂ, ಪ್ರಾರ್ಥನೆ ಕಲಿಸುವದೂ ಅವರನ್ನು ಕೇಳಿ ಮಾಡಿದ್ದಲ್ಲವಷ್ಟೆ. ನಿಜ. ಈ ಹೊಣೆಯು ತಾಯಿತಂದೆಗಳಿಗೆ ತಪ್ಪಿದ್ದಲ್ಲ. ಆದುದರಿಂದಲೇ ಅಲ್ಲಿ ವಿಚಾರವು ಹೆಚ್ಚಾಗಬೇಕು. ನಮ್ಮ ಸ್ವಂತ ಗಂಟನ್ನು ಒಡ್ಡುವಾಗ ಒಂದು ಸಲ ಯೋಚಿಸಿದರೆ ಸಾಕು. ಇನ್ನೊಬ್ಬರದನ್ನು ಒಡ್ಡುವಾಗ ತಿಳಿದವರನ್ನು ಕೇಳಬೇಕು. ಮಗುವು ಮಾತನಾಡಬಲ್ಲದಾದರೆ ಅದನ್ನೂ ಕೇಳಬೇಕು. ತಪ್ಪೆಂದು ತಿಳಿದ ದಿನ ಹಿಂದಿರುಗುವ ದಾರಿಯೂ ಇರಬೇಕು. ಶಾಲೆಗೆ ಹಾಕಿದ ಮಗುವನ್ನು ಬಿಡಿಸಬಹುದು. ಹದಿನೈದನೆಯ ವರುಷದಲ್ಲಿ ತಾಳಿ ಕಟ್ಟಿಸಿದ ಹುಡುಗಿಯು ಕಳೆದುಕೊಂಡ ವರುಷಗಳನ್ನು ಯಾವ ತಂದೆಯು ತಂದುಕೊಡುವನು?

ಈಗ ನಾವು ಹೇಳಬೇಕೆಂದಿದ್ದ ಮಾತಿಗೆ ಬಂದೆವು. ೨೦೧೧ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ಸುಮಾರು ೭೪ ಜನರು ಅಕ್ಷರಸ್ಥರಾಗಿದ್ದರೆ ಹೆಂಗಸರಲ್ಲಿ ಸುಮಾರು ೫೫ ಜನರು ಮಾತ್ರ ಇದ್ದರು. ಬಾಲ್ಯವಿವಾಹವನ್ನು ೨೦೦೬ರ ಕಾಯಿದೆಯು ನಿಷೇಧಿಸಿದೆ. ಕರ್ನಾಟಕವು ಅದಕ್ಕೆ ತಿದ್ದುಪಡಿಯನ್ನು ತಂದು ಅಂಥ ಮದುವೆಯು ಮೊದಲಿನಿಂದಲೇ ಅಸಿಂಧುವೆಂದು ವಿಧಿಸಿದೆ. ಆದರೂ ಹತ್ತನೆಯ ಇಯತ್ತೆಯನ್ನು ಮುಗಿಸುವ ಮೊದಲೇ ಹುಡುಗಿಯ ಪುಸ್ತಕಗಳು ಅಟ್ಟಕ್ಕೆ ಏರುವ ಮನೆಗಳು ಮೂರು ತಾಲೂಕುಗಳಲ್ಲಿಯೂ ಇವೆ. ಕಾರಣವನ್ನು ಕೇಳಿದರೆ ಪಾಲಕರು ಹೇಳುವದೇನು? ವಿದ್ಯೆಯ ಮೇಲೆ ನಮಗೆ ನಂಬಿಕೆಯುಂಟು. ಕಾಲವನ್ನು ನಂಬುವಂತಿಲ್ಲ ಎನ್ನುತ್ತಾರೆ.

ಪಾಲಕರೇ, ಸ್ವಲ್ಪ ನಿಂತು ಯೋಚಿಸಿರಿ. ಬಾರದೆ ಹೋಗಬಹುದಾದ ಮಳೆಯನ್ನು ನಂಬುತ್ತೀರಿ. ಉಕ್ಕಿ ಬಂದು ಹಾಳು ಮಾಡಿದ ಹೊಳೆಯನ್ನು ಮತ್ತೆ ನಂಬುತ್ತೀರಿ. ಗುರುತು ಕಡಿಮೆಯಾದ ಗಿರಾಕಿಯ ಮಾತನ್ನು ನಂಬಿ ಚೀಲ ತೂಗುತ್ತೀರಿ. ಹದಿನಾರು ವರುಷ ನಿಮ್ಮ ಕಣ್ಣೆದುರಿಗೆ ಬೆಳೆದ ಮಗಳನ್ನು ಮಾತ್ರ ನಂಬಲಾರಿರಾ? ಕಾಲವು ಕೆಟ್ಟದ್ದಾದರೆ ಕೆಟ್ಟವರನ್ನು ತಡೆಯಬೇಕಲ್ಲದೆ, ಅವಳ ಓದನ್ನು ತಡೆಯುವದು ಯಾವ ನ್ಯಾಯ? ನಿಮ್ಮ ಭಯವು ಸುಳ್ಳೆಂದು ನಾವು ಹೇಳುವದಿಲ್ಲ. ದೂರದ ಬಸ್ಸು, ಕತ್ತಲಾದ ದಾರಿ, ನೆರೆಯವರ ಬಾಯಿ, ಇವೆಲ್ಲ ನಮಗೂ ಗೊತ್ತು. ಆದರೆ ಭಯಕ್ಕೆ ನಂಬಿಕೆಯ ಹೆಸರನ್ನು ಇಡಬೇಡಿರಿ. ಆ ಭಯದ ದಂಡವನ್ನು ಮಗಳಿಂದ ವಸೂಲು ಮಾಡಬೇಡಿರಿ.

ಹಳೆಯ ವಿದ್ಯಾರ್ಥಿನಿಯರಾದ ಭಗಿನಿಯರೇ, ನಮ್ಮಲ್ಲಿ ಒಬ್ಬೊಬ್ಬಳ ಹಿಂದೆಯೂ ಹೀಗೆ ನಂಬಿದವರು ಒಬ್ಬರಿದ್ದರು. ಊರವರ ಮಾತನ್ನು ತಾನು ಕೇಳಿಕೊಂಡು ಮಗಳನ್ನು ಬಸ್ಸಿಗೆ ಹತ್ತಿಸಿದ ತಂದೆಯಿದ್ದನು. ಕೂಲಿಯ ಹಣವನ್ನು ಸೆರಗಿನಲ್ಲಿ ಗಂಟು ಕಟ್ಟಿ ಫೀಜಿಗೆ ತಂದುಕೊಟ್ಟ ತಾಯಿಯಿದ್ದಳು. ಅವರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ಪುಸ್ತಕದಲ್ಲಿ ಏನಿದೆಯೆಂದು ಅವರು ಕಂಡವರಲ್ಲ. ಆದರೂ ಒಡ್ಡಿದರು. ಒಡ್ಡಿದ್ದು ತಮ್ಮ ಹಣವನ್ನು, ತಮ್ಮ ಮಾನವನ್ನು, ತಮ್ಮ ನಿದ್ದೆಯನ್ನು. ಗೆದ್ದದ್ದನ್ನು ಮಾತ್ರ ನಮಗೆ ಕೊಟ್ಟರು. ನಂಬಿಕೆಯೆಂಬ ಮಾತಿನ ಅರ್ಥವನ್ನು ಯಾರಾದರೂ ಕೇಳಿದರೆ ನಾವು ಅವರ ಕಡೆಗೆ ಬೆರಳು ತೋರಿಸುತ್ತೇವೆ.

ಆದುದರಿಂದ ನಿಮ್ಮಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಓಣಿಯಲ್ಲಿ ಓದು ಬಿಡಿಸಲ್ಪಡುತ್ತಿರುವ ಹುಡುಗಿಯೊಬ್ಬಳಿದ್ದರೆ ಅವಳ ಮನೆಗೆ ಹೋಗಿರಿ. ಉಪದೇಶ ಮಾಡಬೇಡಿರಿ. ನೀವು ಎಷ್ಟನೆಯ ಇಯತ್ತೆಯ ವರೆಗೆ ಓದಿದಿರಿ, ನಿಮ್ಮನ್ನು ಯಾರು ಕಳಿಸಿದರು ಎಂಬದನ್ನು ಅವಳ ತಾಯಿಗೆ ಹೇಳಿರಿ. ಬಸ್ಸಿನ ವರೆಗೆ ಜೊತೆಗೆ ಹೋಗುವವರು ಬೇಕಾದರೆ ನೀವೇ ಹೋಗಿರಿ. ಅದರಲ್ಲಿ ನಿಮ್ಮ ಹೊತ್ತು ಹೋಗುವದು, ಕೆಲವು ಸಲ ನಾಲ್ಕು ಜನರ ಮಾತೂ ಬರುವದು. ಬರಲಿ. ಒಡ್ಡದೆ ನಂಬಿದವರು ಈ ಸೀಮೆಯಲ್ಲಿ ಯಾರೂ ಇಲ್ಲ.