ಖಾಲಿ ಜಾಗವೂ ಸೊನ್ನೆಯೂ ಒಂದೇ ಅಲ್ಲ

ಬಾಕಿ ವಸೂಲಿಯಿಂದ ದಾಸ್ತಾನಿನವರೆಗಿನ ಲೆಕ್ಕಕ್ಕೆ ನಮ್ಮ ಅನೇಕ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಎಕ್ಸೆಲ್ ಹಾಳೆಯನ್ನೇ ನೆಚ್ಚಿದ್ದಾರೆ. ಅದರ ‘ಇಫ್’ ಸೂತ್ರಕ್ಕೆ ಮೂರು ಅಂಗಗಳು: ಷರತ್ತು, ಅದು ನಿಜವಾದಾಗಿನ ಉತ್ತರ, ಸುಳ್ಳಾದಾಗಿನ ಉತ್ತರ. ಮೂರನೆಯದನ್ನು ಬರೆಯದಿದ್ದರೆ ತಂತ್ರಾಂಶವು ಎಚ್ಚರಿಸುವುದಿಲ್ಲ. ತಾನೇ ಒಂದು ಉತ್ತರವನ್ನು ತುಂಬಿಕೊಳ್ಳುತ್ತದೆ. ಈ ಪದ್ಧತಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ ಕಿರು ಹಾಗೂ ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ನೀಡಬೇಕಾದ ಹಣದ ಪಾವತಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನಗಳೇ ಗರಿಷ್ಠ ಮಿತಿ. ಹತ್ತು ಬಿಲ್ಲುಗಳ ಪೈಕಿ ನಾಲ್ಕು ತಲಾ 20 ದಿನ ತಡವಾಗಿ, ಉಳಿದ ಆರು ಸಕಾಲಕ್ಕೆ ಪಾವತಿಯಾಗಿವೆ ಎನ್ನೋಣ. ಸೂತ್ರವನ್ನು ‘=ಇಫ್(ಸಿ2>45,ಸಿ2-45)’ ಎಂದು ಬರೆದರೆ ಆ ಆರು ಕೋಶಗಳಲ್ಲಿ ‘ಫಾಲ್ಸ್’ ಎಂದು ಬರುತ್ತದೆ. ಸರಾಸರಿ ತೆಗೆಯುವಾಗ ಎಕ್ಸೆಲ್ ಅವುಗಳನ್ನು ಕೈಬಿಡುವುದರಿಂದ ಸರಾಸರಿ ವಿಳಂಬ 20 ದಿನ. ಅದೇ ಸೂತ್ರದ ಕೊನೆಯಲ್ಲಿ ಒಂದು ಅಲ್ಪವಿರಾಮವನ್ನಷ್ಟೇ ಸೇರಿಸಿದರೆ ಆ ಆರು ಕೋಶಗಳಲ್ಲಿ ಸೊನ್ನೆ ಬಂದು, ಸರಾಸರಿ 8 ದಿನಕ್ಕೆ ಇಳಿಯುತ್ತದೆ. ಎರಡರಲ್ಲೂ ಮೊತ್ತ 80 ದಿನವೇ ಆಗಿರುವುದರಿಂದ ತಾಳೆ ನೋಡಿದವರಿಗೂ ವ್ಯತ್ಯಾಸ ಕಾಣದು. ಗ್ರಾಹಕನಿಗೆ ಮತ್ತೆ ಸಾಲ ಕೊಡಬೇಕೇ ಎಂಬ ನಿರ್ಧಾರ ಒಂದು ಅಲ್ಪವಿರಾಮದ ಮೇಲೆ ನಿಲ್ಲುವುದು ಸರಿಯೇ?

ದರಪಟ್ಟಿಯಲ್ಲಿ ಬೆಲೆ ಹುಡುಕುವ ‘ವಿಲುಕಪ್’ ಸೂತ್ರದ್ದೂ ಇದೇ ಕಥೆ. ಅದರ ನಾಲ್ಕನೆಯ ಅಂಗವನ್ನು ಬಿಟ್ಟರೆ, ನಿಖರ ಸಂಕೇತ ಸಿಗದಿದ್ದಾಗಲೂ ಹತ್ತಿರದ ಇನ್ನೊಂದು ಸರಕಿನ ಬೆಲೆ ಬಿಲ್ಲಿಗೆ ಬಂದು ಕೂರಬಹುದು.

ನಿಯಮವನ್ನು ಈಗ ಬದಲಿಸಿದರೆ ಹಳೆಯ ಹಾಳೆಗಳು ಕೆಡುತ್ತವೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದುದರಿಂದ ಉತ್ತರವನ್ನು ಬದಲಿಸುವುದು ಬೇಡ, ಎಚ್ಚರಿಕೆಯನ್ನಾದರೂ ನೀಡಲಿ. ಸಂಶಯಾಸ್ಪದ ಕೋಶದ ಮೂಲೆಯಲ್ಲಿ ಹಸಿರು ತ್ರಿಕೋನ ತೋರಿಸುವ ವ್ಯವಸ್ಥೆ ಎಕ್ಸೆಲ್‌ನಲ್ಲಿ ಈಗಾಗಲೇ ಇದೆ. ಅಂಗ ಬಿಟ್ಟುಹೋದ ಸೂತ್ರಕ್ಕೂ ಅದನ್ನು ವಿಸ್ತರಿಸುವುದು ಕಷ್ಟವಾಗಲಾರದು.

ಅಲ್ಲಿಯವರೆಗೆ ಹೊಣೆ ನಮ್ಮದೇ. ಪ್ರತಿ ‘ಇಫ್’ ಸೂತ್ರದಲ್ಲೂ ಮೂರು ಅಂಗಗಳನ್ನು ಸ್ಪಷ್ಟವಾಗಿ ಬರೆಯಿರಿ. ಸೊನ್ನೆ ಬೇಕಿದ್ದಲ್ಲಿ ಸೊನ್ನೆಯನ್ನೇ ನಮೂದಿಸಿ; ಮಾಹಿತಿ ಇಲ್ಲದಿದ್ದಲ್ಲಿ ‘ವಿವರವಿಲ್ಲ’ ಎಂದೇ ಬರೆಯಿರಿ. ಖಾತೆ ಪುಸ್ತಕದಲ್ಲಿ ಖಾಲಿ ಬಿಟ್ಟ ಸಾಲನ್ನು ಯಾವ ಲೆಕ್ಕಪರಿಶೋಧಕನೂ ಸೊನ್ನೆಯೆಂದು ಓದುವುದಿಲ್ಲ. ಏಕೆ ಖಾಲಿ ಎಂದು ಕೇಳುತ್ತಾನೆ. ಗಣಕಯಂತ್ರವೂ ಕೇಳುವುದನ್ನು ಕಲಿಯಬೇಕು.